ಗೌಸಸಾಬನ ಇಪ್ಪತ್ತರ ಮನೆ

ಗೌಸಸಾಬನ ಕಣ್ಣು ಹೋಗುತ್ತಿತ್ತು. ಆ ಗುಟ್ಟು ಹೊರಗೆ ಬಿದ್ದರೆ ಗಾಡಿ ಕಾರ್ಖಾನೆಯ ಕೆಲಸವೂ ಹೋಗುತ್ತದೆ ಎಂಬುದು ಅವನಿಗೂ ಅವನ ಹೆಂಡತಿ ತಾಜಬಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಈ ಸಂಗತಿಯನ್ನು ಬಚ್ಚಿಟ್ಟುಕೊಂಡು ಆಮೇಲೆ ತೆಗೆದು ತೋರಿಸುವ ಚಮತ್ಕಾರ ನನಗೆ ಬೇಡ, ಅದಕ್ಕೇ ಮೊದಲು ಹೇಳಿಬಿಟ್ಟೆ. ಹದಿನೈದು ವರ್ಷ ದಿನಾ ಅವನ ಜೊತೆ ಕೂತು ಚಹಾ ಕುಡಿದವನು ನಾನು. ಅವನು ಬಸಿಯನ್ನು ಬೆರಳಿನಿಂದ ತಡವಿ ಹುಡುಕುವುದನ್ನು ಎಷ್ಟು ಸಲ ನೋಡಿದ್ದೆನೋ, ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ. ಹಾಗೆ ನೋಡಿದರೆ ಕುರುಡರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು ಬರಬೇಕು.

ನನ್ನ ಹೆಸರು ಏಕನಾಥ. ರೈಲು ಡಬ್ಬಿಗಳನ್ನು ದುರಸ್ತಿ ಮಾಡುವ ಕಾರ್ಖಾನೆಯಲ್ಲಿ ಹಾಜರಿ ಕಾರಕೂನನಾಗಿದ್ದೆ. ಯಾರು ಬಂದರು, ಯಾರು ರಜೆ ಹಾಕಿದರು, ಡಾಕ್ಟರರ ತಪಾಸಣೆಯಲ್ಲಿ ಯಾರು ಪಾಸಾದರು, ಎಲ್ಲ ಬರೆದಿಡುವುದು ನನ್ನ ಕೆಲಸ. ಗೌಸಸಾಬ ಅಲ್ಲಿ ಬಡಗಿ. ಕಿಟಕಿಯ ಚೌಕಟ್ಟಿಗೆ ರಂದಾ ಹೊಡೆದು ಅಂಗೈ ಸವರಿದನೆಂದರೆ ಮುಗಿಯಿತು, ಅದರ ಮೇಲೆ ಯಾರೂ ಅಳತೆಪಟ್ಟಿ ಇಡುತ್ತಿರಲಿಲ್ಲ.

ಕೇಶ್ವಾಪುರದ ಕಡೆ ರೈಲ್ವೆ ಸಾಹೇಬರದೊಂದು ಕ್ಲಬ್ಬಿತ್ತು. ಡ್ರೈವರು, ಗಾರ್ಡು, ಫೋರಮನ್ನರು ಸಂಜೆ ಅಲ್ಲಿ ಸೇರಿ ಡಾರ್ಟ್ಸ್ ಆಡುತ್ತಿದ್ದರು. ದುಂಡನೆಯ ಹಲಗೆಗೆ ಗೇಣುದ್ದದ ಬಾಣ ಎಸೆಯುವ ಆಟ. ಹಲಗೆಯಲ್ಲಿ ಇಪ್ಪತ್ತು ಮನೆ, ಪ್ರತಿ ಮನೆಗೊಂದು ಅಂಕಿ. ಒಂದು ಸರದಿಗೆ ಮೂರು ಬಾಣ. ಮುನ್ನೂರ ಒಂದರಿಂದ ಕಳೆಯುತ್ತ ಬಂದು ಮೊದಲು ಸೊನ್ನೆ ಮುಟ್ಟಿದವನು ಗೆದ್ದ. ವಿಲಾಯತಿಯಿಂದ ತರಿಸಿದ ಹಲಗೆ ಹುಬ್ಬಳ್ಳಿಯ ಬಿಸಿಲಿಗೆ ಎರಡು ತಿಂಗಳಲ್ಲಿ ಸೀಳಿಹೋಯಿತು. ಆಗ ಗೌಸಸಾಬನಿಗೆ ಕರೆ ಬಂತು. ಸತ್ತೂರಿನಿಂದ ಮಾವಿನ ದಿಮ್ಮಿ ತರಿಸಿ, ಅಡ್ಡಕ್ಕೆ ಕೊಯ್ದು, ತಂತಿ ಬಿಗಿದು, ತಗಡಿನಲ್ಲಿ ಅಂಕಿಗಳನ್ನು ಕತ್ತರಿಸಿ ಕೂಡಿಸಿದ. ಅಂಕಿಗಳ ಜಾಗ ವಿಲಾಯತಿ ಹಲಗೆಯಲ್ಲಿದ್ದಂತೆಯೇ, ನೆತ್ತಿಯ ಮೇಲೆ ಇಪ್ಪತ್ತು.

ಅಂಥ ಹಲಗೆಯನ್ನು ಒಣಗಲು ಬಿಡಬಾರದು. ಆಟ ಮುಗಿದ ಮೇಲೆ ಇಳಿಸಿ ನೀರಿನ ಹೌದಿನಲ್ಲಿ ಮುಳುಗಿಸಬೇಕು. ಮರ ಉಬ್ಬಿ ತೂತುಗಳು ಮುಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮೊದಲು ಗೌಸಸಾಬ ಅದನ್ನು ಎತ್ತಿ ಗೋಡೆಗೆ ತೂಗುಹಾಕಿ, ಮರ ಬಾಣ ಹಿಡಿಯುತ್ತದೋ ಇಲ್ಲವೋ ಎಂದು ಒಂಬತ್ತು ಬಾಣ ಎಸೆದು ನೋಡುತ್ತಿದ್ದ. ಅವನ ಆಟ ಅಷ್ಟೇ. ಸಾಹೇಬರು ಒಳಗೆ ಬಂದರೆ ಅವನು ಹೊರಗೆ. ಆದರೆ ಹನ್ನೊಂದು ವರ್ಷ ದಿನಾ ಒಂಬತ್ತು ಬಾಣವೆಂದರೆ ಲೆಕ್ಕ ಹಾಕಿ. ಅವನ ಕೈ ಎಷ್ಟು ಪಳಗಿತ್ತೆಂದರೆ ಮೂರು ಬಾಣಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತಿದ್ದವು. ಸಾಹೇಬರಿಗೂ ಇದು ಗೊತ್ತಿತ್ತು. ಬೆನ್ನು ತಟ್ಟುತ್ತಿದ್ದರು, ನಗುತ್ತಿದ್ದರು. ಬಾ ಆಡು ಎಂದು ಒಬ್ಬನೂ ಕರೆದವನಲ್ಲ.

ಮೂವತ್ತೆಂಟನೆಯ ಇಸವಿಯಲ್ಲಿ ಬಾರ್ಲೋ ಎಂಬ ಇಂಗ್ಲಿಷ್ ಮನುಷ್ಯ ಬಂದ. ಡಾರ್ಟ್ಸ್ ಆಡುವುದೇ ಅವನ ಹೊಟ್ಟೆಪಾಡು. ದಂಡಿನ ಊರು, ರೈಲ್ವೆ ಊರು ಸುತ್ತಿ ಪಂದ್ಯ ನಡೆಸಿ, ಕೊನೆಗೆ ಗೆದ್ದವನ ಜೊತೆ ತಾನೇ ಆಡುತ್ತಿದ್ದ. ಪ್ರವೇಶದ ಹಣ ಕೊಟ್ಟವರು ಯಾರಾದರೂ ಆಡಬಹುದು ಎಂಬುದು ಅವನ ನಿಯಮ. ಕ್ಲಬ್ಬಿನವರು ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಆ ದಿನವೇ ಹಣ ಕಟ್ಟಿ ಗೌಸಸಾಬನ ಹೆಸರು ಬರೆಸಿದೆ. ಅವನ ಮೇಲಿನ ಪ್ರೀತಿಯಿಂದ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ಆ ಕ್ಲಬ್ಬಿನವರ ಸೊಕ್ಕು ಮುರಿಯಬೇಕಾಗಿತ್ತು ನನಗೆ, ಮುರಿಯಲು ಅವನ ಕೈ ಬೇಕಾಗಿತ್ತು.

ಹೇಳಿದಾಗ ಅವನು ರಂದಾ ನಿಲ್ಲಿಸಿದ. "ಯಾಕ ಕೊಟ್ಟ್ರಿ ರಾಯರ, ನನ್ನ ಹೆಸರ?"

"ಹನ್ನೊಂದ ವರ್ಷ ಹಲಿಗಿ ನೀ ಮಾಡಿದಿ, ಆಟ ಅವರು ಆಡಿದ್ರು. ಒಂದ ದಿನ ನೀನೂ ಆಡು."

"ಹಲಿಗಿ ನಂದ ಇರ್ತೈತೇನ್ರಿ?"

"ಮತ್ತ ಯಾರದು ಇರ್ತೈತಿ?"

ಅವನು ಚೌಕಟ್ಟಿನ ಮೇಲೆ ಅಂಗೈ ಸವರಿದ. ಆಮೇಲೆ "ಹಂಗಾರ ಆಡ್ತೇನ್ರಿ" ಎಂದ. ಒಲ್ಲೆನೆಂದರೆ ಯಾಕೆ ಒಲ್ಲೆ ಎಂದು ಹತ್ತು ಜನ ಕೇಳುತ್ತಾರೆ ಎಂಬ ಭಯ ಅವನಿಗೆ. ಸುಣ್ಣದ ಗೋಡೆಯ ಮೇಲೆ ಹಲಗೆ ಒಂದು ಕಪ್ಪು ದುಂಡಾಗಿ ಇನ್ನೂ ಕಾಣುತ್ತಿತ್ತು. ಅಂಕಿ ಕಾಣುತ್ತಿರಲಿಲ್ಲ, ಕಾಣುವ ಗರಜೂ ಇರಲಿಲ್ಲ. ತನ್ನ ಹಲಗೆಯಲ್ಲಿ ಯಾವ ಮನೆ ಎಲ್ಲಿದೆಯೆಂದು ಅವನ ಮೊಣಕೈಗೆ ಗೊತ್ತಿತ್ತು.

ಎರಡು ದಿನ ಬಿಟ್ಟು ತಾಜಬಿ ನಮ್ಮ ಮನೆಗೆ ಬಂದಳು. ಹೊಸ್ತಿಲ ಹೊರಗೇ ನಿಂತು, "ರಾಯರ, ಅವರ ಹೆಸರ ತಗದಹಾಕ್ರಿ" ಎಂದಳು.

"ಯಾಕ?"

"ಮೈಯಾಗ ಆರಾಮ ಇಲ್ರಿ."

"ಇವತ್ತ ಮುಂಜಾನಿ ಕೆಲಸಕ್ಕ ಬಂದಿದ್ನಲ್ಲ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಮ್ಮಂಥವರಿಗೆ ಆ ಆಟ ಬ್ಯಾಡ್ರಿ."

ನನಗೆ ಸಿಟ್ಟು ಬಂತು. ನಮ್ಮಂಥವರು ಎಂದು ನಾವೇ ಅಂದುಕೊಂಡರೆ ಹೇಗೆ ಎಂದು ದೊಡ್ಡ ಭಾಷಣ ಬಿಗಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೋದಳು. ಒಳಗಿನಿಂದ ನನ್ನ ಹೆಂಡತಿ ಸುಲಭಾ, "ಆಕಿ ಏನೋ ಹೇಳಾಕ ಬಂದಿದ್ಲು. ನೀವು ಬಾಯಿ ತಗೀಗೊಡಲಿಲ್ಲ" ಎಂದಳು. ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂದ್ಯ ರವಿವಾರ ಮಧ್ಯಾಹ್ನ. ಆ ದಿನ ಹಲಗೆ ಎತ್ತಲು ಹೋಗಬೇಡ, ಇವತ್ತು ನೀನು ಆಟಗಾರ, ಕ್ಲಬ್ಬಿನ ಆಳು ತೂಗುಹಾಕುತ್ತಾನೆ ಎಂದು ಗೌಸಸಾಬನಿಗೆ ಹೇಳಿದವನೂ ನಾನೇ. ಅಂಕ ಬರೆಯುವ ಕೆಲಸ ನನಗಿತ್ತಾದ್ದರಿಂದ ಮೊದಲೇ ಹೋಗಿದ್ದೆ. ಬಾರ್ಲೋ ತನ್ನ ಟ್ರಂಕಿನಿಂದ ಬೇರೊಂದು ಹಲಗೆ ತೆಗೆದು ಗೋಡೆಗೆ ಹಾಕುತ್ತಿದ್ದ. ಅವನ ಊರಿನ ಕಡೆ ಇಂಥದೇ ಅಂತೆ, ಪಂದ್ಯವೆಲ್ಲ ಇದರ ಮೇಲೆಯೇ ಅಂತೆ. ಅಂಕಿಗಳ ಜಾಗವೇ ಬೇರೆ. ನೆತ್ತಿಯ ಮೇಲೆ ನಾಲ್ಕು, ಅದರ ಪಕ್ಕಕ್ಕೆ ಇಪ್ಪತ್ತು. ಎಲ್ಲರಿಗೂ ಇಂಗ್ಲಿಷಿನಲ್ಲಿ ವಿವರಿಸಿ ಹೇಳಿದ. ಗೌಸಸಾಬ ಅದಾದ ಮೇಲೆ ಬಂದು ಬಾಗಿಲ ಹತ್ತಿರ ನಿಂತ. ಒಗೆದ ಅಂಗಿ, ಹೊಸ ಟೊಪ್ಪಿಗೆ. ಎದ್ದು ಹೋಗಿ ಒಂದು ಮಾತು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೋಡೆಯ ಮೇಲಿರುವುದನ್ನು ಹೇಳುವುದೇನು, ಎಲ್ಲರಿಗೂ ಕಾಣುತ್ತದಲ್ಲ.

ಅವನ ಎದುರಾಳಿ ಒಬ್ಬ ಗಾರ್ಡು. ಮೊದಲ ಸರದಿ ಗೌಸಸಾಬನದು. ಗೆರೆಯ ಮೇಲೆ ನಿಂತು, ಉಸಿರು ಹಿಡಿದು, ಮೂರು ಬಾಣ ಎಸೆದ. ಮೂರೂ ನೆತ್ತಿಯ ಮನೆಯಲ್ಲಿ, ಒಂದಕ್ಕೊಂದು ತಾಗಿಕೊಂಡು. ಅರವತ್ತು ಎಂಬ ಮಾತಿಗೆ ಕಾಯುತ್ತ ನನ್ನ ಕಡೆ ಮುಖ ತಿರುಗಿಸಿದ.

"ಹನ್ನೆರಡು" ಎಂದೆ.

ಜನ ನಕ್ಕರು. ಗೌಸಸಾಬ ತಮಾಷೆ ಮಾಡುತ್ತಿದ್ದಾನೆಂದು ನಾನೂ ತಿಳಿದೆ. ಆಳು ಬಾಣ ಕಿತ್ತು ತಂದುಕೊಟ್ಟ, ಗಾರ್ಡು ತನ್ನ ಸರದಿ ಆಡಿದ. ಗೌಸಸಾಬ ಮತ್ತೆ ಗೆರೆಗೆ ಬಂದು, ಮತ್ತೆ ಮೂರು ಬಾಣಗಳನ್ನು ಅಲ್ಲಿಯೇ ಕೂಡಿಸಿದ. ನಾನು ಮತ್ತೆ ಹನ್ನೆರಡು ಎಂದೆ. ಈ ಸಲ ನಗು ಕಡಿಮೆಯಾಯಿತು.

"ರಾಯರ, ಛಂದಂಗ ನೋಡ್ರಿ" ಎಂದ ಮೆಲ್ಲಗೆ. "ಇಪ್ಪತ್ತರ ಮನ್ಯಾಗ ಅದಾವ."

"ಇಪ್ಪತ್ತೆಲ್ಲೈತೋ ಅಲ್ಲಿ? ನಾಕ ಐತಿ."

ಅವನು ಗೆರೆ ಬಿಟ್ಟು ಹಲಗೆಯ ಹತ್ತಿರ ನಡೆದ. ಬಲಗೈ ಎತ್ತಿ ಮೊದಲು ಬಾಣಗಳನ್ನು ಮುಟ್ಟಿದ. ಅಲ್ಲಿಂದ ಬೆರಳು ಮೇಲೆ ಸರಿಸಿ ಅಂಕಿಯನ್ನು ಹುಡುಕಿದ. ತಗಡಿನಲ್ಲಿ ಎಷ್ಟು ಸಲ ತಾನೇ ಕತ್ತರಿಸಿದ ಆಕಾರ, ಬೆರಳಿಗೆ ತಿಳಿಯಿತು.

"ನಾಕು" ಎಂದ, ಯಾರಿಗೂ ಅಲ್ಲ.

ತಾಜಬಿ ಯಾಕೆ ಬಂದಿದ್ದಳೆಂಬುದು ಆ ಕ್ಷಣ ಅರ್ಥವಾಯಿತು. ನನಗೆ ಅರ್ಥವಾದದ್ದು ನಮ್ಮ ಫೋರಮನ್ ಸಾಹೇಬನಿಗೂ ಆಗಿತ್ತು. ಅವನು ಕುರ್ಚಿಯಿಂದ ಎದ್ದು, ನಾಲ್ಕು ಹೆಜ್ಜೆ ದೂರ ನಿಂತು ಕೈ ಎತ್ತಿ, ಎಷ್ಟು ಬೆರಳು ಎಂದು ಹಿಂದಿಯಲ್ಲಿ ಕೇಳಿದ. ಗೌಸಸಾಬ ಮೂರೂ ಬಾಣಗಳನ್ನು ಹಲಗೆಯಿಂದ ಕಿತ್ತುಕೊಂಡ. ಊಹಿಸಿ ಹೇಳಬಹುದಾಗಿತ್ತು, ಹೇಳಲಿಲ್ಲ. ಫೋರಮನ್ ಕೆಟ್ಟವನಲ್ಲ. ತಿರುಗುವ ಗರಗಸಗಳ ನಡುವೆ ಇವನನ್ನು ಇಷ್ಟು ದಿನ ನಿಲ್ಲಿಸಿದ್ದೆನಲ್ಲ ಎಂದು ಅವನ ಮುಖವೇ ಬಿಳಚಿಕೊಂಡಿತ್ತು. ನಾಳೆ ಡಾಕ್ಟರರ ಕಡೆ ಹೋಗು ಎಂದಷ್ಟೇ ಅಂದ.

ಅಲ್ಲಿಯವರೆಗಿನ ಕಣ್ಣಿನ ತಪಾಸಣೆಗಳಲ್ಲಿ ಗೌಸಸಾಬ ಪಾಸಾದದ್ದು ಹೇಗೆಂದರೆ, ಸಾಲಿನಲ್ಲಿ ಮುಂದಿದ್ದವರು ಗೋಡೆಯ ಪಟದ ಅಂಕಿಗಳನ್ನು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತಿದ್ದ. ಸೋಮವಾರ ಅವನ ಮುಂದೆ ಯಾರೂ ಇರಲಿಲ್ಲ. ಕೆಲಸಕ್ಕೆ ಅಯೋಗ್ಯ ಎಂಬ ಒಂದು ಸಾಲು ಬಂತು. ಅದನ್ನು ದಾಖಲೆಗೆ ಏರಿಸಿದ್ದು ನನ್ನ ಅಕ್ಷರದಲ್ಲಿ.

ಕಾಗದಕ್ಕೆ ಅವನ ಹೆಬ್ಬೆಟ್ಟು ಬೇಕಾಗಿತ್ತು. ಹಳೇ ಹುಬ್ಬಳ್ಳಿಯ ಅವನ ಮನೆಗೆ ಹೋದೆ. ತಾಜಬಿ ಚಾಪೆ ಹಾಸಿದಳು, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನನಗರ ಒಂದ ಮಾತ ಹೇಳಬಾರದಾಗಿತ್ತೇನೋ ಗೌಸಸಾಬ? ನಾ ಏನ ಪರಕೀ ಅದೇನೇನು?"

"ಪರಕೀ ಅಲ್ಲ ಅಂತನ ಹೇಳಲಿಲ್ರಿ" ಎಂದ. "ನಿಮ್ಮ ಕಿವಿಗೆ ಹಾಕಿದ್ರ ನೀವು ಬುಕ್ಕಿನ್ಯಾಗ ಸುಳ್ಳ ಬರೀಬೇಕಾಗ್ತಿತ್ತು. ನನ್ನ ಸಲುವಾಗಿ ಬರದ ಬರೀತಿದ್ರಿ, ಅದು ಗೊತ್ತೈತಿ ನನಗ. ಮುಂದ ನಿಮ್ಮ ನೌಕ್ರಿನೂ ಹೋಗ್ತಿತ್ತು. ಎರಡೂ ಮನಿ ಯಾಕ ಹಾಳ ಮಾಡೂದ್ರಿ?"

ಅವನ ಹೆಬ್ಬೆರಳನ್ನು ಹಿಡಿದು ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದೆ.

ಆಮೇಲೆ ಆರು ವರ್ಷ ಬದುಕಿದ. ರಾಯರು ನನ್ನ ಸಲುವಾಗಿ ನೌಕರಿ ಕಳಕೊಳ್ಳಲಿಕ್ಕೂ ತಯಾರಿದ್ದವರು ಎಂದು ಓಣಿಯವರ ಮುಂದೆಲ್ಲ ಹೇಳುತ್ತಿದ್ದನಂತೆ. ನಾನು ತಿದ್ದಲಿಲ್ಲ. ಅವನು ಬಂದು ಕೇಳಿದ್ದರೂ ನಾನು ಬುಕ್ಕಿನಲ್ಲಿ ಆ ಸುಳ್ಳು ಬರೆಯುತ್ತಿರಲಿಲ್ಲ.