ಬಾಯಿ ಮೇಲಾಗಿ ನಿಂತ ಖಾಲಿ ಕೇಸುಗಳು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕುಳಿತೆನೋ. ಪ್ರತಿ ಸಲವೂ ಏನೋ ನೆಪ ಮಾಡಿ ಎದ್ದುಬಿಟ್ಟೆ. ಈಗ ದುಬೈನ ಮಿರ್ದಿಫ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಏಳಲು ನೆಪವೂ ಉಳಿದಿಲ್ಲ.

ದುಬೈ ಹೊರವಲಯದ ಶೂಟಿಂಗ್ ಕ್ಲಬ್ಬೊಂದರ ವರ್ಕ್‌ಶಾಪಿನಲ್ಲಿ ನಾವಿಬ್ಬರು ಇದ್ದೆವು. ಇನ್ನೊಬ್ಬ ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷ ಚಿಕ್ಕವನು. ಸದಸ್ಯರ ರಿವಾಲ್ವರುಗಳಿಗೆ ತೋಟಾಗಳನ್ನು ಕೈಯಲ್ಲೇ ತುಂಬುವುದು ನಮ್ಮ ಕೆಲಸ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವವನು ನಾನು, ಮದ್ದು ಅಳೆದು ಹಾಕುವವನು ಅವನು. ಹೊಸ ರಿವಾಲ್ವರ್ ಬಂದರೆ ಕಡಿಮೆ ಮದ್ದಿನಿಂದ ಶುರುಮಾಡಿ, ಹಾರಿಸಿ, ನಳಿಗೆಯಲ್ಲಿ ಸೀಸ ಮೆತ್ತಿದೆಯೇ ಎಂದು ಇಣುಕಿ, ಆಮೇಲೆ ಚೂರೇ ಚೂರು ಏರಿಸಬೇಕು. ಅವನಿಗೆ ಆ ತಾಳ್ಮೆ ಇತ್ತು.

ನಮ್ಮಲ್ಲೊಂದು ಕಟ್ಟುನಿಟ್ಟಿತ್ತು. ಮದ್ದು ಹಾಕದ ಕೇಸು, ಅಂದರೆ ತೋಟಾದ ಹಿತ್ತಾಳೆ ಚಿಪ್ಪು, ತೂತುಗಳಿರುವ ಹಲಗೆಯಲ್ಲಿ ಬಾಯಿ ಕೆಳಗಾಗಿ ನಿಲ್ಲಬೇಕು, ಹಾಕಿದ್ದು ಬಾಯಿ ಮೇಲಾಗಿ. ಅವನು ಕೇಸಿನ ಬಾಯಿಗೆ ಗುಂಡು ಒತ್ತುವ ಮುಂಚೆ ನಾನು ಟಾರ್ಚ್ ಹಾಕಿ ಒಂದೊಂದರ ಒಳಗೂ ನೋಡಬೇಕು.

ಒಂದು ಮಧ್ಯಾಹ್ನ ಕೊನೆಯ ಸಾಲು ಬಾಕಿಯಿಟ್ಟು ಅವನು ನಮಾಜಿಗೆ ಹೋದ. ಮೇಜು ಒರೆಸುವಾಗ ನನ್ನ ಕೈ ತಾಗಿ ಆ ಖಾಲಿ ಕೇಸುಗಳು ಉರುಳಿದವು. ಎತ್ತಿಡುವಾಗ ಗಮನವಿಲ್ಲದೆ ಎಲ್ಲವನ್ನೂ ಬಾಯಿ ಮೇಲಾಗಿ ನಿಲ್ಲಿಸಿದೆ.

ಅವನು ಬಂದು ಹಲಗೆ ನೋಡಿದ. "ಕೊನೆ ಸಾಲು ನೀವೇ ಮುಗಿಸಿದ್ರಾ ಅಣ್ಣ? ಒಳಗೆ ನೋಡಿದ್ರಲ್ಲ?"

ನನ್ನ ಲಕ್ಷ್ಯ ಒಲೆಯ ಮೇಲಿನ ಸೀಸದಲ್ಲಿತ್ತು. "ಎಲ್ಲ ನೋಡಿದೆ ಮಾರಾಯ. ಯಲ್ಲಾ, ಬೇಗ ಒತ್ತು."

ನಾನು ನೋಡಿರಲಿಲ್ಲ.

ಮರುದಿನ ಮದ್ದಿಲ್ಲದ ಒಂದು ತೋಟಾದ ಗುಂಡು, ಹಿಂಬದಿಯ ಕೇಪಿನ ಕಿಡಿ ಮಾತ್ರ ನೂಕಿ, ನಳಿಗೆಯಲ್ಲೇ ಸಿಕ್ಕಿಕೊಂಡಿತು. ಹಾರಿಸುತ್ತಿದ್ದ ಸದಸ್ಯರು ಅದು ತಿಳಿಯದೆ, ಮದ್ದಿದ್ದ ಮತ್ತೊಂದನ್ನು ಹಾರಿಸಿದರು. ನಳಿಗೆ ಉಬ್ಬಿತು. ಅವರ ಕೈಗೆ ಏನೂ ಆಗಲಿಲ್ಲ.

ಮ್ಯಾನೇಜರ್ ಕೋಣೆಗೆ ಮೊದಲು ಹೋದವನು ಅವನು. ಹೋಗುವ ಮುಂಚೆ, "ಇಬ್ಬರದ್ದೂ ತಪ್ಪು ಅಂತ ಹೇಳುವ ಅಣ್ಣ. ಇಬ್ಬರನ್ನೂ ಒಟ್ಟಿಗೆ ಕಳಿಸ್ಲಿಕ್ಕಿಲ್ಲ," ಎಂದ. ನಾನು ಆಯ್ತು ಎಂದೆ. ಅವನು ಹಾಗೆಯೇ ಹೇಳಿದ. ಆಮೇಲೆ ನಾನು ಒಳಗೆ ಹೋಗಿ, "ನಾನು ಗುಂಡು ಹೊಯ್ಯುವವನು ಸರ್, ಮದ್ದು ಅವನ ಕೆಲಸ," ಎಂದೆ.

ಅವನ ವೀಸಾ ಕ್ಯಾನ್ಸಲ್ ಆಯಿತು. ಹೆಂಡತಿ, ಮಗಳ ವೀಸಾ ಅವನದರ ಮೇಲೆಯೇ ಇತ್ತು. ಮಗಳು ಅಲ್ ಕುಸೈಸ್‌ನ ಶಾಲೆಯಲ್ಲಿ ಹತ್ತನೇ ಕ್ಲಾಸಿನ ನಡುವೆ ಇದ್ದಳು. ಅವನು ನನಗೆ ಬೈಯಲಿಲ್ಲ. ಕಪಾಟಿನ ಬೀಗದ ಕೈ ಕೊಡುವಾಗ, "ನೋಡಿದೆ ಅಂದ್ರಲ್ಲ ಅಣ್ಣ," ಎಂದಷ್ಟೇ ಹೇಳಿದ.

ವರ್ಷಗಳ ನಂತರ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಅವನು "ಖಲಾಸ್ ಅಣ್ಣ, ಬಿಡಿ," ಎಂದ. ಬಿಟ್ಟನೋ ಇಲ್ಲವೋ, ನನಗೆ ಗೊತ್ತಿಲ್ಲ. ಕ್ಷಮೆಯನ್ನಂತೂ ಕೇಳಿದೆ.

ಆದರೆ ಅವರು ಊರಿಗೆ ಹೊರಟ ದಿನ ನಾನು ಅವರ ಫ್ಲ್ಯಾಟಿಗೆ ಹೋಗಿದ್ದೆ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಮಗಳು ತಲೆ ಎತ್ತಿ ಕೇಳಿದಳು, "ಅಂಕಲ್, ಪಪ್ಪ ನಿಜವಾಗಿ ಕೇರ್‌ಲೆಸ್ಸಾ?"

ಅವನು ಅಡುಗೆಮನೆಯಲ್ಲಿದ್ದ. ಅವನಿಗೆ ಕೇಳಿಸದಂತೆ, ಮೆಲ್ಲಗೆ, ಹೌದು ಎಂದು ತಲೆಯಾಡಿಸಿದೆ. ಅವಳು ಅದನ್ನು ನಂಬಿದಳು. ನಾನು ಇವತ್ತಿನವರೆಗೂ ಕ್ಷಮೆ ಕೇಳದೆ ಉಳಿದಿರುವುದು ಆ ಹುಡುಗಿಯಲ್ಲಿ, ಅವನ ಮಗಳಲ್ಲಿ.