ಬಣ್ಣದ ದೀಪದ ಕ್ಯಾಬಿನೆಟ್

ಮಂಡ್ಯದ ಅಂಗಡಿಯಲ್ಲಿ ಯಾರದೋ ಕಂಪ್ಯೂಟರಿನ ಸುಟ್ಟುಹೋದ ಪವರ್ ಸಪ್ಲೈ ಬಿಚ್ಚಿಟ್ಟಿದ್ದರು. ಆ ವಾಸನೆಗೆ ದೊಡ್ಡಪ್ಪನ ಮೇಲಿನ ಹಳೆಯ ಸಿಟ್ಟು ಮತ್ತೆ ಹೊತ್ತಿಕೊಂಡಿತು.

ಹುಡುಗಿಯಾಗಿದ್ದಾಗ ಕಂಪ್ಯೂಟರಿನಲ್ಲಿ ಕಥೆ ಟೈಪು ಮಾಡಬೇಕೆಂಬ ಆಸೆ ನನಗೆ. ಅಪ್ಪನ ಕೈಲಿದ್ದ ದುಡ್ಡು ಕಮ್ಮಿ. ಮದ್ದೂರಿನ ಅಂಗಡಿಯವರು, "ಮೊದ್ಲು ಒಳ್ಳೆ ಪವರ್ ಸಪ್ಲೈ ಹಾಕ್ಸಿ, ಒಳಗೆಲ್ಲ ಕರೆಂಟು ಹಂಚೋದು ಅದೇ" ಎಂದರು. ಜೊತೆಗೆ ಬಂದಿದ್ದ ದೊಡ್ಡಪ್ಪ ಹೊರಗಿನ ಪೆಟ್ಟಿಗೆಗೆ ಬಣ್ಣದ ದೀಪದ ಗಾಜಿನ ಕ್ಯಾಬಿನೆಟ್ ಆರಿಸಿ, ಪವರ್ ಸಪ್ಲೈ ಅಗ್ಗದ್ದು ಹಾಕಿಸಿದರು. "ಒಳಗಿರೋದ್ನ ಯಾವನ್ಲಾ ನೋಡ್ತಾನೆ?" ಎಂದು ಅಪ್ಪನ ಬಾಯಿ ಮುಚ್ಚಿಸಿದರು.

ಆಯುಧಪೂಜೆಯ ದಿನ ಯಂತ್ರಗಳೆಲ್ಲ ಒಟ್ಟಿಗೆ ಓಡಬೇಕೆಂಬುದು ನಮ್ಮ ಮನೆಯ ಪದ್ಧತಿ. ಗಾಜಿಗೆ ವಿಭೂತಿ ಬಳಿದು, ಅಕ್ಕಪಕ್ಕದವರನ್ನು ಸಾಲಾಗಿ ನಿಲ್ಲಿಸಿಕೊಂಡು ದೊಡ್ಡಪ್ಪ ಅಪ್ಪನಿಗೂ ನನಗೂ ಕೂಗಿದರು: "ಮೋಟ್ರು ಹಾಕ್ಲಾ! ನೀನು ಕಂಪ್ಯೂಟ್ರು ಹಾಕವ್ವ!"

ಇಬ್ಬರೂ ಸ್ವಿಚ್ಚು ಒತ್ತಿದೆವು. ನೀರಿನ ಮೋಟರಿನ ಹೊಡೆತಕ್ಕೆ ಕರೆಂಟು ಏರಿಳಿದು ಕ್ಯಾಬಿನೆಟ್ಟಿನ ದೀಪಗಳು ಮಂಕಾಗಿ, ಧಗ್ಗನೆ ಉರಿದು, ಟಪ್ಪೆಂದು ಆರಿದವು. ಪವರ್ ಸಪ್ಲೈ ಸುಟ್ಟು ಹೊಗೆ ಬಂತು.

"ಈ ಎಣ್ಣು ಮುಟ್ಟುದ್ಲು, ಓಯ್ತು" ಎಂದರು ದೊಡ್ಡಪ್ಪ, ಎಲ್ಲರೆದುರಿಗೆ. ಅಪ್ಪ ಹೋಗಿ ಮೋಟರು ನಿಲ್ಲಿಸಿದರು. ಕಂಪ್ಯೂಟರನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ಆ ಕ್ಯಾಬಿನೆಟ್ ಮಾತ್ರ ವರ್ಷಗಟ್ಟಲೆ ನಡುಮನೆಯಲ್ಲಿ ನೆಂಟರಿಗೆ ಕಾಣುವಂತೆ ಕೂತಿತ್ತು.

ಇವತ್ತು ಮಂಡ್ಯದ ಅಂಗಡಿಯಲ್ಲಿ ನನ್ನ ಸಂಬಳದಲ್ಲಿ ಪವರ್ ಸಪ್ಲೈಯನ್ನೇ ಮೊದಲು ಆರಿಸಿದೆ. ಕ್ಯಾಬಿನೆಟ್ ಯಾರೋ ಮಾರಿದ ಹಳೇ ತಗಡಿನದು. ಸಂಜೆ ದೊಡ್ಡಪ್ಪನ ಫೋನು: "ಕಂಪ್ಯೂಟ್ರು ತಗಂಡ್ಯಂತಲ್ಲವ್ವ, ನೋಡಕ್ಕೆ ಬತ್ತೀನಿ."

"ಬರ್ಬ್ಯಾಡಿ ದೊಡ್ಡಪ್ಪ," ಎಂದೆ. "ನೋಡಕ್ಕೇನೂ ಇಲ್ಲ."