ಗಂಗೂಗೆ ತಂದ ಒಗೆಯುವ ಕಲ್ಲು

ಪುಣೆ ಸ್ಟೇಷನ್ನಿನ ಬಾಕಿನ ಮೇಲೆ ಕುಳಿತು, ಮರೆಯುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಬಾದಾಮಿ ಕಡೆಯ ನಮ್ಮೂರಿನಿಂದ ಮೊಮ್ಮಗಳು ಗಂಗೂಗೆ ಬಟ್ಟೆ ಒಗೆಯುವ ಕಲ್ಲೊಂದನ್ನು ತಂದೆ. ಅದನ್ನು ಇಳಿಸಿದ ಹಮಾಲ, "ಆಜೋಬಾ, ಪುಣ್ಯಾತ ದಗಡ ನಾಹೀತ ಕಾ?" ಎಂದು ನಕ್ಕ. ಅವನು ಕೇಳಿದಂತೆ ಪುಣೆಯಲ್ಲಿ ಕಲ್ಲೇ ಇಲ್ಲವೆಂದಲ್ಲ. ಆದರೆ ನಮ್ಮ ಕಲ್ಲಿನ ಸಾಲು ಸಾಲು ಏರಿಳಿತಕ್ಕೆ ಕೊಳೆ ಬೇಗ ಬಿಡುತ್ತದೆ.

ಗಂಗೂ ಇಲ್ಲಿಯ ಕಾಲೇಜಿನಲ್ಲಿ ಕಲ್ಲಿನ ವಿದ್ಯೆಯನ್ನೇ ಓದುತ್ತಾಳೆ. ಮುಂದಿಟ್ಟ ಕಲ್ಲು ಹೇಗೆ ಹುಟ್ಟಿತೆಂದು ನಾಳೆ ಪರೀಕ್ಷೆಯಲ್ಲಿ ಹೇಳಬೇಕು. ಹೋದ ವರ್ಷ ಅದರಲ್ಲೇ ನಾಪಾಸಾದಳು. ಈ ಸಲವೂ ಹಾಗಾದರೆ ಊರಿಗೆ ಬಂದುಬಿಡು ಎಂದಿದ್ದಾನೆ ಅವಳಪ್ಪ.

ನನ್ನನ್ನು ಕರೆದೊಯ್ಯಲು ಬಂದವಳು ಕಲ್ಲಿನ ಮುಂದೆಯೇ ಕುಳಿತುಬಿಟ್ಟಳು.

"ಅಜ್ಜಾ, ಈ ಸಾಲು ಉಳೀಲೆ ಹೊಡದದ್ದಲ್ಲ. ಆಳ ಇಲ್ಲದ ನೀರಿನ ತೆರಿ ಮರಳಿನ ಮ್ಯಾಲ ಬಿಟ್ಟ ಗುರುತು. ಆ ಮರಳ ಗಟ್ಟಿಯಾಗಿ ಕಲ್ಲಾತು."

ಮೂಲೆಯಲ್ಲಿ ಬಲೆಯಂಥ ಗೆರೆಗಳಿದ್ದವು. ಅಲ್ಲಿ ಅವಳ ಬೆರಳು ನಿಂತಿತು.

"ಇದ ಮಾತ್ರ ತಿಳೀವಲ್ದು."

"ಕೆರಿ ಬತ್ತಿದ ಮ್ಯಾಲ ರಾಡಿ ಹಿಂಗ ಒಡೀತದಲ್ಲವಾ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಂದ್ರ ನೀರು ಬಂದಿತ್ತು, ಬತ್ತಿ ಬಿಸಲೂ ಬಿದ್ದಿತ್ತು. ಅಜ್ಜಾ, ನಾಳೆ ಯಾವ ಕಲ್ಲ ಇಟ್ರೂ ಮದಲ ನಮ್ಮ ಕೆರಿ ನೆನಸತೀನಿ."

ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಸಂತೋಷ ಈ ಕಾಗದದಲ್ಲಿ ಹಿಡಿಯುವುದಿಲ್ಲ.

ಅವಳು ಟಾಂಗಾ ತರಲು ಹೋಗಿದ್ದಾಳೆ. ಈಗಷ್ಟೇ ತಂಬಿಗೆಯ ನೀರನ್ನು ಕಲ್ಲಿನ ಮೇಲೆ ಸುರಿದೆ. ನೀರು ಹರಿದುಹೋಗದೆ ಆ ಸಾಲುಗಳಲ್ಲೇ ನಿಂತುಕೊಂಡಿತು.